ಲೆಕ್ಕ ಕೇಳಬೇಕಾದದ್ದು ಫ್ರಾಂಚೈಸಿಯನ್ನು

ದುಡ್ಡಿಗಾಗಿ ತಂಡ ಬದಲಿಸುವ ಕೆ.ಎಲ್. ರಾಹುಲ್‌ಗೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಆರ್‌ಸಿಬಿ ಅಭಿಮಾನಿಗಳು ಚಪ್ಪಾಳೆ ತಟ್ಟಬಾರದು ಎಂಬ ಲೇಖನವೊಂದರ ವಾದ ಮೊದಲ ಹೆಜ್ಜೆಯಲ್ಲೇ ಎಡವಿದೆ. 2016ರಲ್ಲಿ ಬೆಂಗಳೂರು ಐಪಿಎಲ್ ಫೈನಲ್ ತಲುಪಿದಾಗ ರಾಹುಲ್ 397 ರನ್ ಗಳಿಸಿದ್ದರು. ಮರುವರ್ಷ ಭುಜದ ಗಾಯದಿಂದ ಆಡಲಾಗಲಿಲ್ಲ. 2018ರ ಹರಾಜಿಗೆ ಮುನ್ನ ಫ್ರಾಂಚೈಸಿ ಉಳಿಸಿಕೊಂಡದ್ದು ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್ ಖಾನ್ ಅವರನ್ನು. ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದರು, ಆ ಸಲವೇ 659 ರನ್ ಹೊಡೆದರು. ಕೈಬಿಟ್ಟದ್ದು ತಂಡ, ದ್ರೋಹದ ಹಣೆಪಟ್ಟಿ ಮಾತ್ರ ಆಟಗಾರನಿಗೆ! ಏಳು ಋತು ದುಡಿದ ಸಿರಾಜ್ ಕೂಡ ಹೀಗೆಯೇ 12.25 ಕೋಟಿಗೆ ಗುಜರಾತಿಗೆ ಹೋದರು.

ಲೇಖನ ಕೊಡುವ ಅಮೆರಿಕದ ಬೇಸ್‌ಬಾಲ್‌ನ ಹೋಲಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿ ಆರು ವರ್ಷದ ಸೇವೆಯ ನಂತರ, ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ಊರನ್ನು ಆರಿಸಿಕೊಳ್ಳಬಹುದು. ಐಪಿಎಲ್ ಹರಾಜಿನಲ್ಲಿ ಅವನು ಹೇಳಬಹುದಾದದ್ದು ಮೂಲಬೆಲೆಯನ್ನಷ್ಟೇ. ಊರನ್ನು ನಿರ್ಧರಿಸುವುದು ಕೂಗಿದವರ ಹಣ. 2022ರಲ್ಲಿ ಪಂಜಾಬ್ ಬಿಟ್ಟು 17 ಕೋಟಿಗೆ ಲಖನೌ ಸೇರಿದ್ದು ರಾಹುಲ್ ಅವರದೇ ಆಯ್ಕೆಯಲ್ಲವೇ ಎಂದು ಕೇಳಬಹುದು. ಹೌದು. ಆದರೆ ಗಾಯವೊಂದು ಆದಾಯವನ್ನೇ ಕಸಿಯಬಲ್ಲ ವೃತ್ತಿಯಲ್ಲಿ ಅದು ನ್ಯಾಯವಾದ ಆಯ್ಕೆ, ಬೆಂಗಳೂರಿಗೆ ಮಾಡಿದ ಮೋಸವಂತೂ ಅಲ್ಲ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿಗಾಗಿ ಅಜೇಯ 93 ಹೊಡೆದ ಕನ್ನಡಿಗನನ್ನು ಮೆಚ್ಚಿದವರು ತಂಡದ್ರೋಹಿಗಳಲ್ಲ. ಅಭಿಮಾನಿಗಳ ಟಿಕೆಟ್, ಜೆರ್ಸಿಯ ಹಣದಿಂದಲೂ ಬೆಳೆದ ಫ್ರಾಂಚೈಸಿ, ಪ್ರತಿ ದೊಡ್ಡ ಹರಾಜಿಗೆ ಮುನ್ನ ಸ್ಥಳೀಯರನ್ನು ಏಕೆ ಬಿಡುತ್ತಿದ್ದೇವೆಂದು ಬಹಿರಂಗವಾಗಿ ವಿವರಿಸಲಿ.