ಡಬ್ಬಿ ಮೇಲಿನ ವ್ಯಾಟ್ ಬಿಡಿ, ಹಿಂದಿನ ಫ್ಯೂಸ್ ನೋಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಗಾಡಿಗೆ ಟೇಪು ಕೂರಿಸುವ ಅಂಗಡಿಗಳ ಮುಂದೆ ಟ್ರ್ಯಾಕ್ಟರು, ಬೊಲೆರೊ, ಟಾಟಾ ಏಸ್ ಸಾಲುಗಟ್ಟುತ್ತವೆ. ಬಂದವರ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟ್ ಐತಿ?’ ಉತ್ತರವೂ ತಯಾರು: ‘ಎರಡು ಸಾವಿರ ಅಣ್ಣಾರ, ಇಡೀ ಊರಿಗೆ ಕೇಳಸ್ತೈತಿ.’

ಈ ಪ್ರಶ್ನೆಯನ್ನೇ ಬದಲಿಸಬೇಕು ಅನ್ನುವುದು ನಮ್ಮ ವಾದ. ವ್ಯಾಟ್ ಕೇಳಬೇಡಿ, ಫ್ಯೂಸ್ ಎಷ್ಟು ಆಂಪಿಯರಿನದು ಎಂದು ಕೇಳಿ. ಡಬ್ಬಿಯ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು. ಫ್ಯೂಸಿನ ಮೇಲೆ ಸುಳ್ಳು ಬರೆದರೆ ಅದು ಮೊದಲ ದಿನವೇ ಹಾರಿಹೋಗುತ್ತದೆ.

ಡೆಕ್ಕಿನಿಂದ ಶುರು ಮಾಡೋಣ. ಮುಂದೆ ‘50 ವ್ಯಾಟ್ x 4’ ಅಂತ ಬರೆದಿರುತ್ತದೆ. ಅಂದರೆ ಒಟ್ಟು 200 ವ್ಯಾಟ್. ಈಗ ಅದನ್ನು ತಿರುಗಿಸಿ ಹಿಂದೆ ನೋಡಿ. ಅಲ್ಲಿ 10 ಆಂಪಿಯರಿನ ಕೆಂಪು ಫ್ಯೂಸ್ ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್. 14 ಗುಣಿಸು 10, ಅಂದರೆ 140. ಒಳಗೆ ಹೋಗುವುದೇ 140 ವ್ಯಾಟ್ ಆದರೆ ಹೊರಗೆ 200 ಎಲ್ಲಿಂದ ಬರಬೇಕು? ಅದರಲ್ಲೂ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆ, ಡೆಕ್ಕಿನ ಬೆನ್ನು ಸುಡುವುದು ಅದಕ್ಕೇ. ಕೊನೆಗೆ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಸಿಗುವುದು 20 ವ್ಯಾಟ್ ಆಸುಪಾಸು. ಪಯೋನಿಯರ್ ಕಂಪನಿಯ ಹಲವು ಡೆಕ್ಕುಗಳಲ್ಲಿ ಹೊರಗೆ 50 ಅಂತಿದ್ದರೂ ಒಳಗಿನ ಪುಸ್ತಕದಲ್ಲಿ 22 ವ್ಯಾಟ್ ಅಂತ ಬರೆದಿರುತ್ತಾರೆ. ನೀವು ಹುಡುಕಬೇಕಾದ ಪದ ‘ಆರ್‌ಎಂಎಸ್’. ‘ಪಿಎಂಪಿಒ’ ಅಂತ ಬರೆದಿದ್ದರೆ ಆ ಸಂಖ್ಯೆಯನ್ನು ಓದುವುದೇ ಬೇಡ, ಅದಕ್ಕೆ ಯಾವ ಅಳತೆಗೋಲೂ ಇಲ್ಲ.

ಹಾಗಂತ 20 ವ್ಯಾಟ್ ಕಡಿಮೆಯೇ? ಟಾಟಾ ಏಸಿನ ಕ್ಯಾಬಿನ್ ಎಷ್ಟು ದೊಡ್ಡದಿದೆ ಹೇಳಿ! ಒಳ್ಳೆಯ ಸ್ಪೀಕರ್ ಇದ್ದರೆ ಅಷ್ಟಕ್ಕೆ ಬೇಕಾದಷ್ಟಾಯಿತು. ಸ್ಪೀಕರಿನ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಅಂತ ಒಂದು ಸಾಲು ಇರುತ್ತದೆ. 88 ಡೆಸಿಬಲ್ ಬದಲು 91 ಡೆಸಿಬಲಿನದು ತಂದರೆ ಆಂಪ್ಲಿಯ ವ್ಯಾಟ್ ಎರಡು ಪಟ್ಟು ಮಾಡಿದಷ್ಟೇ ಫಲ. ಕ್ಯಾಬಿನ್ನಿನಲ್ಲಿ ಕೂತು ಹಾಡು ಕೇಳುವವರಿಗೆ ಆಂಪ್ಲಿಯೇ ಬೇಕಿಲ್ಲ ಅಂತ ನಾವು ಧೈರ್ಯವಾಗಿ ಹೇಳುತ್ತೇವೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ದೊಡ್ಡ ಸ್ಕ್ರೀನಿನ ಆಂಡ್ರಾಯ್ಡ್ ಡೆಕ್ಕಿನ ಹುಚ್ಚು ಈಗ ಹಳ್ಳಿಗೂ ಬಂದಿದೆ. ಕಾರಿನಲ್ಲಿ ಹಿಂದಿನ ಕ್ಯಾಮೆರಾ ನೋಡಲು ಸರಿ. ಟ್ರ್ಯಾಕ್ಟರಿಗೆ, ಪಿಕಪ್ಪಿಗೆ ನಾವಂತೂ ತಿರುಗಿಸುವ ಗುಂಡಿ ಇರುವ ಒಂದು ಡಿನ್ ಡೆಕ್ಕನ್ನೇ ಹೇಳುತ್ತೇವೆ. ಬಿಸಿಲಿನಲ್ಲಿ ಸ್ಕ್ರೀನ್ ಕಾಣುವುದಿಲ್ಲ, ಧೂಳು ಕೂತ ಬೆರಳಿಗೆ ಟಚ್ ಆಗುವುದಿಲ್ಲ, ಹಾಡು ಬದಲಿಸಲು ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತದೆ. ಮುಂದೆ ಆಂಪ್ಲಿ ಹಾಕುವ ಮನಸ್ಸಿದ್ದರೆ ಡೆಕ್ಕಿನ ಹಿಂದೆ ‘ಪ್ರೀಔಟ್’ ಇದೆಯಾ, ಅದು 2 ವೋಲ್ಟೋ 4 ವೋಲ್ಟೋ ಅಂತ ಕೇಳಿ. 4 ಇದ್ದರೆ ಕೊರಕೊರ ಸದ್ದು ಕಡಿಮೆ.

ವೈರುಗಳ ಬಣ್ಣ ನೆನಪಿಟ್ಟುಕೊಳ್ಳಿ. ಹಳದಿ ನೇರ ಬ್ಯಾಟರಿಗೆ, ಕೆಂಪು ಚಾವಿಗೆ, ಕಪ್ಪು ಅರ್ಥಿಗೆ. ನೀಲಿ ಮೇಲೆ ಬಿಳಿ ಗೆರೆ ಇರುವುದು ಆಂಪ್ಲಿಗೆ ಹೋಗಬೇಕು, ಡೆಕ್ ಆನ್ ಆದಾಗ ಮಾತ್ರ ಆಂಪ್ಲಿ ಏಳಲಿ ಅಂತ. ಕೆಲವರು ಅವಸರದಲ್ಲಿ ಆಂಪ್ಲಿಯ ಆ ವೈರನ್ನೂ ಬ್ಯಾಟರಿಗೇ ಕೊಟ್ಟುಬಿಡುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಬ್ಯಾಟರಿ ಡೌನ್. ಹೊಸ ಗಾಡಿಯಾದರೆ ಕಂಪನಿಯ ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಮಾಡೆಲ್ಲಿನ ಕಪ್ಲರ್ ತರಿಸಿ. ವೈರ್ ಕತ್ತರಿಸಿದ್ದೇ ಕಾರಣ ಅಂತ ಮುಂದೆ ವಾರಂಟಿ ಇಲ್ಲ ಅನ್ನಬಹುದು.

ಇನ್ನು ಟ್ರ್ಯಾಕ್ಟರಿಗೆ ಆಂಪ್ಲಿ. ಹಲವು ಟ್ರ್ಯಾಕ್ಟರುಗಳ ಆಲ್ಟರ್ನೇಟರ್ 36 ಆಂಪಿಯರಿನದು. ಅಂದರೆ ಎಂಜಿನ್ ಪೂರ್ತಿ ಓಡುವಾಗ ಅದು ಕೊಡುವುದು 500 ವ್ಯಾಟ್. ಹೆಡ್‌ಲೈಟಿಗೆ ನೂರಕ್ಕೂ ಹೆಚ್ಚು, ಟ್ರೇಲರ್ ಲೈಟಿಗೆ ಇಷ್ಟು, ಬ್ಯಾಟರಿ ಚಾರ್ಜಿಗೆ ಇಷ್ಟು ಅಂತ ಕಳೆಯಿರಿ. ಗಾಡಿಯಲ್ಲಿ ಇಲ್ಲದ ಎರಡು ಸಾವಿರ ವ್ಯಾಟನ್ನು ಯಾವ ಆಂಪ್ಲಿಯೂ ಹುಟ್ಟಿಸಲಾರದು. ಫ್ಯಾಕ್ಟರಿ ಮುಂದೆ ಸಾಲಿನಲ್ಲಿ ಎಂಜಿನ್ ಆರಿಸಿ ಹಾಡು ಹಚ್ಚುವವರು ಇನ್ನೊಂದು ಲೆಕ್ಕ ಹಾಕಲಿ. 75 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಇಳಿದರೆ ಸ್ಟಾರ್ಟ್ ಆಗುವುದು ಕಷ್ಟ. 15 ಆಂಪಿಯರ್ ಎಳೆಯುವ ಆಂಪ್ಲಿಗೆ ಅದು ಎರಡೂವರೆ ತಾಸಿನ ಊಟ. ಆಮೇಲೆ ಸಾಲು ಮುಂದೆ ಸರಿದಾಗ ಲೋಡು ತುಂಬಿದ ಗಾಡಿಯನ್ನು ತಳ್ಳುವವರು ಯಾರು?

ಎಲ್ಲಕ್ಕಿಂತ ಮುಖ್ಯ, ಬ್ಯಾಟರಿಯ ಪಾಸಿಟಿವ್ ಕಡ್ಡಿಯಿಂದ ಒಂದೂವರೆ ಅಡಿಯೊಳಗೆ ಒಂದು ಫ್ಯೂಸ್ ಇರಲೇಬೇಕು. ‘ಆಂಪ್ಲಿಯಲ್ಲೇ ಫ್ಯೂಸ್ ಐತಲ್ಲ’ ಅಂತ ವಾದಿಸುತ್ತಾರೆ. ಅದು ಕಾಯುವುದು ಆಂಪ್ಲಿಯನ್ನು. ಬ್ಯಾಟರಿಯಿಂದ ಆಂಪ್ಲಿಯವರೆಗಿನ ವೈರನ್ನು ಕಾಯುವವರು ಯಾರೂ ಇಲ್ಲ. ಟ್ರ್ಯಾಕ್ಟರು ಅದುರುವ ಗಾಡಿ. ಹೊಲದ ಬದು, ಹೊಂಡ ಹತ್ತಿ ಇಳಿಯುವಾಗ ವೈರ್ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಹರಿಯುತ್ತದೆ. ಹರಿದ ಜಾಗ ಬಾಡಿಗೆ ತಾಗಿದ ಕ್ಷಣ ಬ್ಯಾಟರಿ ನೂರಾರು ಆಂಪಿಯರ್ ಹರಿಸುತ್ತದೆ, ವೈರ್ ಕೆಂಪಗೆ ಕಾದು ಉರಿಯುತ್ತದೆ. ಪಕ್ಕದಲ್ಲೇ ಡೀಸೆಲ್ ಪೈಪು, ಹಿಂದೆ ಒಣ ರವದಿ. ಸಾಲ ಇನ್ನೂ ತೀರದ ಗಾಡಿ. ಇದನ್ನು ತಡೆಯುವುದು ಕೆಲವು ನೂರು ರೂಪಾಯಿಯ ಫ್ಯೂಸ್ ಹೋಲ್ಡರ್.

ಆಂಪ್ಲಿಯಲ್ಲಿ 30 ಆಂಪಿಯರ್ ಫ್ಯೂಸ್ ಇದ್ದರೆ 8 ಗೇಜಿನ ತಾಮ್ರದ ವೈರ್, ಬ್ಯಾಟರಿ ಬಳಿ 40 ಆಂಪಿಯರ್ ಫ್ಯೂಸ್ ಸಾಕು. ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಬಣ್ಣ ಹೊದ್ದ ಅಲ್ಯೂಮಿನಿಯಂ, ಬೇಗ ಬಿಸಿಯಾಗುತ್ತದೆ. ಅರ್ಥ್ ವೈರನ್ನು ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ನಟ್ ಬೋಲ್ಟ್ ಹಾಕಿ ಬಿಗಿಸಬೇಕು. ಫ್ಯೂಸ್ ಹಾರಿದಾಗ ಸಿಗರೇಟಿನ ಪೊಟ್ಟಣದ ಬೇಗಡೆ ಸುತ್ತುವ ಜಾಣತನ ಮಾತ್ರ ಬೇಡವೇ ಬೇಡ.

ಆಂಪ್ಲಿಯ ‘ಗೇನ್’ ಗುಂಡಿಯನ್ನು ನಮ್ಮ ಕಡೆ ಎಲ್ಲರೂ ವಾಲ್ಯೂಮ್ ಅಂದುಕೊಂಡು ಕೊನೆಯವರೆಗೆ ತಿರುಗಿಸುತ್ತಾರೆ. ಡೆಕ್ಕಿನಿಂದ ಬರುವ ಸಿಗ್ನಲ್ಲಿಗೆ ಆಂಪ್ಲಿಯನ್ನು ಹೊಂದಿಸುವುದಷ್ಟೇ ಅದರ ಕೆಲಸ. ಹೆಚ್ಚು ತಿರುಗಿಸಿದರೆ ಸದ್ದಿನ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಹಾಡು ಚರಚರ ಅನ್ನುತ್ತದೆ, ಸ್ಪೀಕರಿನ ಕಾಯಿಲ್ ಕಾದು ಸುಟ್ಟ ವಾಸನೆ ಬರುತ್ತದೆ. ಚಿಕ್ಕ ಆಂಪ್ಲಿಯೂ ಹೀಗೆ ದೊಡ್ಡ ಸ್ಪೀಕರನ್ನು ಸುಡಬಲ್ಲದು.

ಸರಿಯಾಗಿ ಹೊಂದಿಸಲು ಮೋಟಾರು ರಿಪೇರಿಯವರ ಬಳಿ ಇರುವ ಮಲ್ಟಿಮೀಟರ್ ಸಾಕು. ಸ್ಪೀಕರ್ ವೈರ್ ಬಿಚ್ಚಿ, ಗೇನ್ ಪೂರ್ತಿ ಇಳಿಸಿ, ಬೇಸ್ ಬೂಸ್ಟ್, ಫಿಲ್ಟರ್ ಎಲ್ಲ ಆಫ್ ಮಾಡಿ. ಡೆಕ್ಕಿನ ವಾಲ್ಯೂಮ್ ಮುಕ್ಕಾಲಿಗೆ ಇಡಿ, 40ರವರೆಗೆ ಇದ್ದರೆ 30ಕ್ಕೆ. ಪೆನ್‌ಡ್ರೈವಿನಿಂದ ಒಂದು ಟೆಸ್ಟ್ ಟೋನ್ ಹಚ್ಚಿ, ಸಾದಾ ಸ್ಪೀಕರಿಗೆ 1000 ಹರ್ಟ್ಜ್, ಊಫರಿಗೆ 50. ಮೀಟರನ್ನು ಎಸಿ ವೋಲ್ಟಿಗಿಟ್ಟು ಆಂಪ್ಲಿಯ ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದು ನಿಧಾನ ಗೇನ್ ಏರಿಸಿ. 4 ಓಮ್ ಸ್ಪೀಕರಿಗೆ 50 ವ್ಯಾಟ್ ಆರ್‌ಎಂಎಸ್ ಕೊಡುವ ಆಂಪ್ಲಿಯಾದರೆ 14 ವೋಲ್ಟಿಗೆ ನಿಲ್ಲಿಸಿ, 100 ವ್ಯಾಟಿನದಾದರೆ 20ಕ್ಕೆ. ಆಮೇಲೆ ಆ ಗುಂಡಿಯ ಮೇಲೆ ಒಂದು ಟೇಪು ಅಂಟಿಸಿ, ಯಾರೂ ಮುಟ್ಟದಂತೆ. ಸಣ್ಣ ಸ್ಪೀಕರುಗಳಿಗೆ ಹೈಪಾಸ್ 80 ಹರ್ಟ್ಜಿಗೆ, ಊಫರಿಗೆ ಲೋಪಾಸ್ 80ಕ್ಕೆ. ಎರಡು 4 ಓಮ್ ಸ್ಪೀಕರುಗಳನ್ನು ಒಂದೇ ಟರ್ಮಿನಲ್ಲಿಗೆ ಸೇರಿಸಿದರೆ 2 ಓಮ್ ಆಗುತ್ತದೆ, ಆಂಪ್ಲಿ ಅಷ್ಟಕ್ಕೆ ತಡೆಯುತ್ತದಾ ಅಂತ ಮೊದಲೇ ನೋಡಿ.

ರಾತ್ರಿ ಒಬ್ಬನೇ ಲೋಡು ಹೊಡೆಯುವವನಿಗೆ ಹಾಡು ಬೇಡ ಅನ್ನಲು ನಮಗೆ ಮನಸ್ಸಿಲ್ಲ. ಆದರೆ ಸ್ಪೀಕರುಗಳ ಮುಖ ಡ್ರೈವರ್ ಕಡೆಗಿರಲಿ, ರಸ್ತೆ ಕಡೆಗೆ ಬೇಡ. ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಹೋಗುವವನಿಗೆ ಹಿಂದಿನ ಬಸ್ಸಿನ ಹಾರ್ನ್ ಕೇಳದಿದ್ದರೆ, ಪಕ್ಕದಿಂದ ಬೈಕಿನಲ್ಲಿ ನುಗ್ಗುವ ಹುಡುಗನ ಗತಿಯೇನು? ಶಬ್ದಮಾಲಿನ್ಯದ 2000ದ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಮನೆಯೊಳಗೆ ಮೆಲ್ಲಗೆ ಮಾತಾಡಿದಷ್ಟು.

ಫಿಟ್ಟಿಂಗ್ ಮುಗಿದ ಮೇಲೆ ಹಾಡು ಹಚ್ಚಿಸಿ ತಲೆದೂಗುವ ಮುಂಚೆ ಬಾನೆಟ್ ಎತ್ತಿಸಿ. ಬ್ಯಾಟರಿ ಬಳಿ ಫ್ಯೂಸ್ ಕಾಣದಿದ್ದರೆ ದುಡ್ಡು ಎಣಿಸಬೇಡಿ. ಕಂಡರೆ, ಅದೇ ಆಂಪಿಯರಿನ ಎರಡು ಫ್ಯೂಸ್ ಹೆಚ್ಚಿಗೆ ಕೇಳಿ ಇಸಿದುಕೊಂಡು ಟೂಲ್ ಬಾಕ್ಸಿನಲ್ಲಿ ಹಾಕಿಕೊಳ್ಳಿ.