ಸವಾರಿ ‘ಬರುತ್ತದೆ’ ಎಂದರೆ ಎಷ್ಟು ಬರುತ್ತದೆ?

ರಜೆ ಬಂತೆಂದರೆ ಕುದುರೆ ಸವಾರಿಯ ಶಿಬಿರಕ್ಕೆ ಮಕ್ಕಳನ್ನು ಸೇರಿಸುವ ಪೋಷಕರು ಈಗ ಕಡಿಮೆಯೇನಿಲ್ಲ. ಅಲ್ಲಿ ತುಂಬಬೇಕಾದ ಅರ್ಜಿಯಲ್ಲಿ ವಯಸ್ಸು, ಎತ್ತರ, ತೂಕಗಳ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಸಾಲಿರುತ್ತದೆ: ‘ಹಿಂದಿನ ಅನುಭವ’. ಊಟಿಯ ಕೆರೆಯ ದಂಡೆಯಲ್ಲಿ ಕುದುರೆಯವನು ಲಗಾಮು ಹಿಡಿದು ನಡೆಸಿದ ಹತ್ತು ನಿಮಿಷವೂ ಕೆಲವರ ಲೆಕ್ಕದಲ್ಲಿ ಅನುಭವವೇ! ಮಗ ಪಕ್ಕದಲ್ಲಿ ನಿಂತು ಮುಜುಗರಪಡುತ್ತಿರುವಾಗಲೇ ಅಪ್ಪ ‘ಚೆನ್ನಾಗಿ ಬರುತ್ತದೆ’ ಎಂದು ಬರೆದು ಸಹಿ ಹಾಕಿಬಿಡುತ್ತಾರೆ.

ಮಗನಿಗೆ ಯಾವ ಕುದುರೆ ಕೊಡಬೇಕೆಂದು ಲಾಯದವರು ತೀರ್ಮಾನಿಸುವುದು ಆ ಸಾಲನ್ನು ನೋಡಿಯೇ. ಕುದುರೆ ನಾಲ್ಕೈದು ಕ್ವಿಂಟಾಲ್ ತೂಗುವ ಪ್ರಾಣಿ. ಬೆದರಿದರೆ ಮೊದಲು ಓಡುತ್ತದೆ, ಕಾರಣ ಹುಡುಕುವುದು ಆಮೇಲೆ. ‘ಚೆನ್ನಾಗಿ ಬರುವ’ ಹುಡುಗನಿಗೆ ಚುರುಕಾದ ಕುದುರೆಯೇ ಸಿಗುತ್ತದೆ. ಅಪ್ಪನ ಸಹಿಗೆ ಬೆಲೆ ತೆರುವವನು ಮಗ.

ಅನುಭವವನ್ನು ವರ್ಷದ ಲೆಕ್ಕದಲ್ಲಿ ಹೇಳುವ ರೂಢಿಯೂ ಮೋಸದ್ದೇ. ‘ಒಂದು ವರ್ಷದಿಂದ ಕಲಿಯುತ್ತಿದ್ದಾಳೆ’ ಎನ್ನುತ್ತಾರೆ. ವಾರಕ್ಕೊಂದು ತರಗತಿ, ಪರೀಕ್ಷೆ, ಮಳೆ, ಹಬ್ಬ, ಊರು ಎಂದು ಹನ್ನೆರಡು ವಾರ ಕಳೆದರೆ ಉಳಿಯುವುದು 40. ಪ್ರತಿ ತರಗತಿ 45 ನಿಮಿಷ ಎಂದುಕೊಂಡರೆ ಒಟ್ಟು 30 ಗಂಟೆ. ಅಂದರೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಆ 30 ಗಂಟೆಯಲ್ಲಾದರೂ ಕೆಲಸ ಮಾಡಿದ್ದು ಯಾರು? ಸವಾರಿ ಶಾಲೆಯ ಹಳೆಯ ಕುದುರೆಗಳು ಬಹಳ ಜಾಣ. ತರಬೇತುದಾರರು ‘ಟ್ರಾಟ್’ ಎಂದೊಡನೆ, ಮೇಲಿರುವ ಹುಡುಗಿ ಹಿಮ್ಮಡಿ ಒತ್ತುವ ಮೊದಲೇ, ಅವು ಹೆಜ್ಜೆ ಬದಲಿಸುತ್ತವೆ. ಮುಂದಿನ ಕುದುರೆ ತಿರುಗಿದಲ್ಲಿ ತಿರುಗುತ್ತವೆ, ಅದು ನಿಂತರೆ ನಿಲ್ಲುತ್ತವೆ. ಹುಡುಗಿಗೆ ತಾನೇ ಓಡಿಸಿದೆನೆಂಬ ಸಂತೋಷ. ಅದರಲ್ಲಿ ತಪ್ಪೇನಿಲ್ಲ, ಕಲಿಕೆ ಶುರುವಾಗುವುದೇ ಹಾಗೆ. ಆದರೆ ತನ್ನ ಮಟ್ಟ ಯಾವುದೆಂದು ನಿಜವಾಗಿ ತಿಳಿಯಬೇಕೆಂದರೆ ಒಂದು ದಿನ ತರಬೇತುದಾರರನ್ನು ಸುಮ್ಮನಿರುವಂತೆ ಕೇಳಿಕೊಂಡು ನೋಡಬೇಕು. ಸಾಲಿನಲ್ಲಿ ಹಿಂದೆ ಇರುವವಳು ಮುಂದೆ ಹೋಗಬೇಕು. ಉಳಿದ ಕುದುರೆಗಳೆಲ್ಲ ಗೇಟಿನ ಬಳಿ ನಿಂತಿರುವಾಗ ತನ್ನದನ್ನು ಒಂಟಿಯಾಗಿ ಮೈದಾನದ ಆ ತುದಿಗೆ ಕರೆದೊಯ್ಯಬೇಕು. ಎಷ್ಟೋ ‘ಒಂದು ವರ್ಷದ ಅನುಭವ’ ಗೇಟಿನ ಬಳಿಯೇ ನಿಂತುಬಿಡುತ್ತದೆ.

ಟ್ರಾಟ್ ಒಳ್ಳೆಯ ಅಳತೆಗೋಲು. ಅದು ಎರಡು ತಾಳದ ಓಟ. ಓರೆಯಾಗಿ ಎದುರುಬದುರಿರುವ ಕಾಲುಗಳು ಜೊತೆಯಾಗಿ ಬೀಳುತ್ತವೆ. ವೃತ್ತದಲ್ಲಿ ಸಾಗುವಾಗ ಹೊರಬದಿಯ ಮುಂಗಾಲು ಮುಂದಕ್ಕೆ ಹೋದಂತೆ ಸವಾರ ಜೀನಿನಿಂದ ಏಳಬೇಕು. ಕೆಳಗೆ ಬಗ್ಗಿ ನೋಡದೆ ಇದು ತಿಳಿಯುತ್ತದೆಯೇ? ರಿಕಾಪಿನಿಂದ ಪಾದ ತೆಗೆದು ಎರಡು ಸುತ್ತು ಬಂದರೂ ಲಗಾಮಿಗೆ ಜೋತುಬೀಳದೆ ಇರಬಲ್ಲರೇ? ಆಯ ತಪ್ಪಿದಾಗ ಲಗಾಮಿಗೆ ಜೋತುಬಿದ್ದರೆ ಪೆಟ್ಟು ಕುದುರೆಯ ಬಾಯಿಗೆ. ಮೂರು ತಾಳದ ಕ್ಯಾಂಟರ್‌ನ ಪ್ರಶ್ನೆ ಇದಾದ ಮೇಲೆ. ಇನ್ನು ಗ್ಯಾಲಪ್, ಅಂದರೆ ನಮ್ಮ ನಾಗಾಲೋಟ, ಹೆಸರಿಗೆ ತಕ್ಕಂತೆ ನಾಲ್ಕು ಕಾಲೂ ಬೇರೆಬೇರೆಯಾಗಿ ನೆಲ ಮುಟ್ಟುವ ಓಟ. ಅದನ್ನು ಮಾಡಿದ್ದೇನೆ ಎನ್ನುವ ಮಕ್ಕಳಲ್ಲಿ ಅನೇಕರ ವಿಷಯದಲ್ಲಿ ಓಡಿದ್ದು ಕುದುರೆಯ ನಿರ್ಧಾರ!

ಕುದುರೆ ಬದಲಾದರೆ ಸವಾರನ ಮಟ್ಟವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಹಾಗೂ ತಂಡದ ಬೆಳ್ಳಿ ಗೆದ್ದದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದದ್ದು, ಎರಡೂ ಸೆನ್ಯೋರ್ ಮೆಡಿಕಾಟ್ ಎಂಬ ಒಂದೇ ಕುದುರೆಯೊಂದಿಗೆ. ಆ ಮಟ್ಟದ ಈವೆಂಟಿಂಗ್‌ನಲ್ಲಿ ಕನಿಷ್ಠ ಅರ್ಹತೆಯನ್ನು ಸವಾರ ಒಬ್ಬನೇ ಗಳಿಸಿದರೆ ಸಾಲದು, ಅದೇ ಕುದುರೆಯ ಜೊತೆಗೆ ಜೋಡಿಯಾಗಿ ಗಳಿಸಬೇಕು. ಹೀಗಿರುವಾಗ ಒಂದೇ ಕುದುರೆಯ ಮೇಲೆ ಕಲಿತ ಹತ್ತು ವರ್ಷದ ಮಗು ‘ಒಂದೇ ಕುದುರೆಯ ಮೇಲೆ’ ಎಂದು ಬರೆಯಲು ನಾಚುವ ಕಾರಣವಿಲ್ಲ.

ಬಿದ್ದದ್ದನ್ನು ಮುಚ್ಚಿಡುವವರೂ ಇದ್ದಾರೆ. ಬೀಳುವುದು ಅವಮಾನವಲ್ಲ, ಬಿರುದೂ ಅಲ್ಲ. ಆದರೆ ಬಿದ್ದ ಮೇಲೆ ಒಳಗೊಳಗೇ ಹೆದರಿಕೆ ಉಳಿದಿದ್ದರೆ ಅದನ್ನು ಹೇಳಲೇಬೇಕು. ಹೆದರಿದ ಸವಾರನ ಮೈ ಬಿಗಿಯಾಗುತ್ತದೆ, ತೊಡೆ ಹಿಡಿಯುತ್ತದೆ. ಜೀನಿನ ಕೆಳಗಿರುವ ಕುದುರೆಗೆ ಅದು ತಕ್ಷಣ ಗೊತ್ತಾಗುತ್ತದೆ. ಅಪ್ಪ-ಅಮ್ಮನಿಗೆ ಗೊತ್ತಾಗುವುದು ತಡವಾಗಿ.

ಹಾಗಾದರೆ ಆ ಸಾಲಿನಲ್ಲಿ ಏನು ಬರೆಯುವುದು? ಪೆನ್ನನ್ನು ಮಗಳ ಕೈಗೆ ಕೊಟ್ಟರೆ ಹೀಗೇನಾದರೂ ಬರೆದಾಳು: ‘40 ತರಗತಿ. ನಡಿಗೆ, ಟ್ರಾಟ್ ಒಬ್ಬಳೇ ಮಾಡುತ್ತೇನೆ. ಕ್ಯಾಂಟರ್ ಸರ್ ಜೊತೆಗಿದ್ದಾಗ ಮೂರು ಸಲ. ಮೈದಾನದ ಹೊರಗೆ ಹೋಗಿಲ್ಲ. ಒಂದು ಸಲ ಬಿದ್ದಿದ್ದೇನೆ, ಈಗಲೂ ಎಡಕ್ಕೆ ತಿರುಗುವಾಗ ಭಯ.’ ಇದನ್ನು ಓದಿದ ಲಾಯದವರು ಬಹುಶಃ ಅತ್ಯಂತ ಸೋಮಾರಿಯಾದ ಮುದಿ ಕುದುರೆಯನ್ನೇ ತಂದು ನಿಲ್ಲಿಸುತ್ತಾರೆ. ಮೊದಲ ವಾರಕ್ಕೆ ಅದೇ ಸಾಕು.