ಹಲ್ಲು ಎಣಿಸಿ ಬ್ಲೇಡು ಕೊಳ್ಳಿ ಸ್ವಾಮಿ!

ನಮ್ಮ ಕಡೆ ಕಬ್ಬಿಣ ಕುಯ್ಯದ ಮನೆಯೇ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಚಪ್ಪರಕ್ಕೆ ಆಂಗ್ಲರ್ ಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಮನೆಯ ಸ್ಟ್ಯಾಂಡಿಗೆ ಸ್ಕ್ವೇರ್ ಪೈಪು ಬೇಕು. ಚಿಂತಾಮಣಿ, ಗೌರಿಬಿದನೂರಿನ ತೋಟಗಳಲ್ಲಿ ಬೋರ್‌ವೆಲ್ಲಿನ ಜಿ.ಐ. ಪೈಪು ಒಂದಲ್ಲ ಒಂದು ದಿನ ಕುಯ್ಯಲೇಬೇಕು. ಇನ್ನು ಮನೆ ಕಟ್ಟುವವರ ಕಂಬಿ, ಕಿಟಕಿ, ಗೇಟುಗಳ ಕಥೆ ಬೇರೆ.

ಈಗ ಇದೆಲ್ಲಕ್ಕೂ ಒಂದೇ ಮಂತ್ರ: ಗ್ರೈಂಡರ್ ತಗೋ, ಕಟಿಂಗ್ ವೀಲ್ ಹಾಕು, ಕುಯ್ಯಿ. ನನ್ನ ತಕರಾರು ಇಲ್ಲೇ. ಮನೆಮಟ್ಟದ ಕೆಲಸಕ್ಕೆ, ಅಂದರೆ ತಿಂಗಳಿಗೆ ಹತ್ತು ತುಂಡು ಕುಯ್ಯುವವರಿಗೆ, ಒಂದು ಗಟ್ಟಿ ಹ್ಯಾಕ್ಸಾ ಫ್ರೇಮು ಮತ್ತು ಮೂರು ಬಗೆಯ ಬ್ಲೇಡು ಸಾಕು. "ಅಯ್ಯೋ, ಹ್ಯಾಕ್ಸಾದಲ್ಲಿ ಕೈ ಬಿದ್ದು ಹೋಗತ್ತೆ" ಅನ್ನುವವರಲ್ಲಿ ಬಹಳಷ್ಟು ಜನ ತಪ್ಪು ಬ್ಲೇಡು ಹಾಕಿ ಉಜ್ಜಿದವರು.

ಅಂಗಡಿಯಲ್ಲಿ ಏನು ನಡೆಯುತ್ತೆ ನೋಡಿ. "ಅಣ್ಣಾ, ಒಂದು ಹ್ಯಾಕ್ಸಾ ಬ್ಲೇಡ್ ಕೊಡಿ" ಅಂತೀವಿ. ಅವರು ಡಬ್ಬಿಯಿಂದ ಒಂದು ಎಳೆದು ಕೊಡ್ತಾರೆ. ಏನು ಕುಯ್ಯಕ್ಕೆ ಅಂತ ಅವರು ಕೇಳಲ್ಲ, ನಾವು ಹೇಳಲ್ಲ. ಚಪ್ಪಲಿ ಕೊಳ್ಳುವಾಗ ನಂಬರ್ ಕೇಳುವ ನಾವು ಬ್ಲೇಡಿನ ನಂಬರ್ ಕೇಳಲ್ಲ!

ಆ ನಂಬರ್ ಅಂದರೆ ಒಂದು ಇಂಚಿಗೆ ಎಷ್ಟು ಹಲ್ಲು ಅನ್ನುವ ಲೆಕ್ಕ. ಬ್ಲೇಡಿನ ಮೇಲೇ ಬರೆದಿರುತ್ತೆ: 18, 24 ಅಥವಾ 32. ಬರೆದದ್ದು ಅಳಿಸಿದ್ದರೆ ಸ್ಕೇಲ್ ಇಟ್ಟು ಎಣಿಸಿ. ನೆನಪಿಡಬೇಕಾದ್ದು ಒಂದೇ ಸೂತ್ರ, ಕುಯ್ಯುವಾಗ ಲೋಹದ ಮೇಲೆ ಒಂದೇ ಸಲಕ್ಕೆ ಕನಿಷ್ಠ ಮೂರು ಹಲ್ಲು ಕೂತಿರಬೇಕು. ಎರಡು ಹಲ್ಲಿನ ಸಂದಿಗೆ ತೆಳು ತಗಡು ಸಿಕ್ಕಿಕೊಂಡರೆ ಬ್ಲೇಡು ತಟಕ್ಕನೆ ನಿಲ್ಲುತ್ತೆ, ಹಲ್ಲು ಉದುರುತ್ತೆ.

ಲೆಕ್ಕ ಹಾಕಿ. 18 ಹಲ್ಲಿನ ಬ್ಲೇಡಿನಲ್ಲಿ ಮೂರು ಹಲ್ಲು ಸುಮಾರು 4.2 ಮಿ.ಮೀ. ಜಾಗ ಹಿಡಿಯುತ್ತವೆ. 24ರಲ್ಲಿ 3.2 ಮಿ.ಮೀ., 32ರಲ್ಲಿ 2.4 ಮಿ.ಮೀ. ಹಾಗಾಗಿ:

- ದಪ್ಪ ಸರಳು, ದಪ್ಪ ಪಟ್ಟಿ, ಬೋಲ್ಟುಗಳಿಗೆ 18.
- ಆಂಗ್ಲರ್, ಜಿ.ಐ. ನೀರಿನ ಪೈಪು, 8-10 ಮಿ.ಮೀ. ಕಂಬಿಗೆ 24. ಒಂದೇ ಬ್ಲೇಡು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.
- ತೆಳು ಸ್ಕ್ವೇರ್ ಪೈಪು, ತೆಳು ಪಟ್ಟಿಗೆ 32. 16 ಗೇಜಿನ ಪೈಪಿನ ಗೋಡೆ 1.6 ಮಿ.ಮೀ. ಅಷ್ಟೇ. ಅಲ್ಲಿ 32 ಹಲ್ಲಿನದ್ದನ್ನೂ ಸ್ವಲ್ಪ ಓರೆಯಾಗಿ ಹಿಡಿದರೆ ಹೆಚ್ಚು ಹಲ್ಲು ಕೂರುತ್ತವೆ.
- ಚಾವಣಿಯ ಶೀಟಿಗೆ ಗರಗಸವೇ ಬೇಡ, ತಗಡು ಕತ್ತರಿ ಸಾಕು.

ಇನ್ನು ಬ್ಲೇಡಿನ ಜಾತಿ. ಅಗ್ಗದ ಕಾರ್ಬನ್ ಸ್ಟೀಲ್ ಬ್ಲೇಡು ಬಿಸಿಯಾದರೆ ಬೇಗ ಮೊಂಡಾಗುತ್ತೆ. ಎಚ್.ಎಸ್.ಎಸ್. ಬ್ಲೇಡು ಬಿಸಿ ತಡೆಯುತ್ತೆ, ಆದರೆ ಕೈ ಸ್ವಲ್ಪ ತಿರುಚಿದರೂ ಪಟ್ ಅಂತ ಮುರಿಯುತ್ತೆ. ಬೈಮೆಟಲ್ ಅನ್ನುವುದರಲ್ಲಿ ಬೆನ್ನು ಬಳುಕುತ್ತೆ, ಹಲ್ಲಿನ ಅಂಚು ಮಾತ್ರ ಎಚ್.ಎಸ್.ಎಸ್. ಮನೆಯವರಿಗೆ ಇದೇ ಒಳ್ಳೆಯದು. ನಾಲ್ಕು ಕಾಸು ಹೆಚ್ಚಾದರೂ ನಾಲ್ಕು ಬ್ಲೇಡಿನ ಬಾಳಿಕೆ ಬರುತ್ತೆ ಅನ್ನುವುದು ನನ್ನ ಅನುಭವ. ಟಿ.ಎಂ.ಟಿ. ಕಂಬಿಗಂತೂ ಅಗ್ಗದ್ದು ಬೇಡವೇ ಬೇಡ. ಆ ಕಂಬಿಯನ್ನು ಕಾದಿರುವಾಗಲೇ ನೀರು ಹಾಯಿಸಿ ಹೊರಮೈ ಗಡುಸು ಮಾಡಿರುತ್ತಾರೆ, ಒಳಗೆ ಮೆದು. ಕಷ್ಟವೆಲ್ಲ ಆ ಹೊರ ಸಿಪ್ಪೆ ದಾಟುವವರೆಗೆ.

ಬ್ಲೇಡು ಹಾಕುವಾಗ ಹಲ್ಲಿನ ಮುಖ ಮುಂದಕ್ಕಿರಲಿ, ಹಿಡಿಯಿಂದ ಆಚೆಗೆ. ತಳ್ಳುವಾಗ ಭಾರ ಬಿಡಿ, ಎಳೆಯುವಾಗ ಹಗುರ. ನಿಮಿಷಕ್ಕೆ ಐವತ್ತು-ಅರವತ್ತು ಸಲ ತಳ್ಳಿದರೆ ಸಾಕು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಉಜ್ಜಬೇಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೂ ನಿಧಾನ, ಆದರೆ ಒತ್ತಿ ಹಿಡಿಯಬೇಕು. ಸುಮ್ಮನೆ ಮೇಲೆ ಮೇಲೆ ಸವರಿದರೆ ಅದು ಇನ್ನಷ್ಟು ಗಡುಸಾಗುತ್ತೆ. ಎರಡು ತೊಟ್ಟು ಎಣ್ಣೆ ಬಿಡಿ. ಎಲ್ಲಕ್ಕಿಂತ ಮುಖ್ಯ, ಪೈಪನ್ನು ಕಾಲಲ್ಲಿ ತುಳಿದು ಹಿಡಿಯದೆ ವೈಸಿಗೆ ಕಚ್ಚಿಸಿ.

"ಎಲ್ಲಾ ಸರಿ ಸಾರ್, ಹುಳು ಮನೆ ಸ್ಟ್ಯಾಂಡಿಗೆ ನಲವತ್ತು ತುಂಡು ಬೇಕು, ಹ್ಯಾಕ್ಸಾ ಹಿಡ್ಕೊಂಡು ಕೂರ್ಲಾ?" ಅಂತ ನೀವು ಕೇಳಬಹುದು. ಖಂಡಿತಾ ಬೇಡ. ಅಷ್ಟಿದ್ದರೆ ಅಳತೆ ಬರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗಿ, ಅಲ್ಲಿನ 14 ಇಂಚಿನ ಕಟಾಫ್ ಮಷೀನು ಅರ್ಧ ದಿನದಲ್ಲಿ ಮುಗಿಸುತ್ತೆ. ಇಲ್ಲ, ನಾನೇ ಗ್ರೈಂಡರ್ ಹಿಡಿಯುತ್ತೇನೆ ಅಂದರೆ ಬೇಡ ಅನ್ನಲ್ಲ. ಆದರೆ ಆ ಯಂತ್ರ ಏನು ಅಂತ ತಿಳಿದು ಹಿಡಿಯಿರಿ.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಅಂದರೆ ವೀಲಿನ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ನಿಮ್ಮ ಮುಖದ ಮುಂದೆ ಓಡುತ್ತಿರುತ್ತೆ. ಅದಕ್ಕೇ ಕಂಪನಿಯವರು ಗಾರ್ಡ್ ಕೊಟ್ಟಿರುವುದು, ನಾವು ಮೊದಲು ಬಿಚ್ಚಿ ಎಸೆಯುವುದೂ ಅದನ್ನೇ! ದೊಡ್ಡ ವೀಲು ಹಾಕಲು ಅಡ್ಡ ಬರುತ್ತಂತೆ. ವೀಲಿನ ಮೇಲೆ ಬರೆದ ಆರ್.ಪಿ.ಎಂ. ಮಷೀನಿನ ಆರ್.ಪಿ.ಎಂ.ಗಿಂತ ಹೆಚ್ಚಿರಲೇಬೇಕು. 7 ಇಂಚಿನ ವೀಲಿನ ಮಿತಿ ಸುಮಾರು 8,500. ಅದನ್ನು 4 ಇಂಚಿನ ಮಷೀನಿಗೆ ತುರುಕಿದರೆ ವೀಲು ಸಿಡಿದು ಚೂರು ಹಾರಬಹುದು. ಮರ ಕುಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕಿ ಕಬ್ಬಿಣಕ್ಕೆ ಹಿಡಿಯುವುದು ಇನ್ನೂ ದೊಡ್ಡ ಹುಚ್ಚು. ಹಲ್ಲು ಕಚ್ಚಿಕೊಂಡ ಕ್ಷಣ ಮಷೀನು ಕೈ ಕಿತ್ತುಕೊಂಡು ಹಿಂದಕ್ಕೆ ಎಗರುತ್ತೆ. ಆಮೇಲೆ ಬೆರಳು ಎಣಿಸಬೇಕು, ಹಲ್ಲಲ್ಲ. ವೀಲಿನ ನಡುವಿನ ತಗಡಿನ ಉಂಗುರದ ಮೇಲೆ ತಾರೀಖು ಇದ್ದರೆ ಅದನ್ನೂ ನೋಡಿ. ಅಂಟಿನಿಂದ ಮಾಡಿದ ವೀಲು, ಹಳೆಯದಾದರೆ, ನೆಂದರೆ ನಂಬಬಾರದು.

ರೇಷ್ಮೆ ಬೆಳೆಯುವವರಿಗೆ ಇನ್ನೊಂದು ಮಾತು. ಗ್ರೈಂಡರಿನ ಕಿಡಿ ಮೀಟರುಗಟ್ಟಲೆ ದೂರ ಹಾರುತ್ತೆ. ಹುಳು ಮನೆಯಲ್ಲಿ ಇರುವುದೇನು? ಒಣಗಿದ ಹಿಪ್ಪುನೇರಳೆ ಕಡ್ಡಿ, ಬಿದಿರಿನ ಚಂದ್ರಿಕೆ, ಹಳೇ ಪೇಪರು. ಹೊರಗೆ ಅಂಗಳದಲ್ಲಿ ಕುಯ್ಯಿರಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಕನ್ನಡಕ ಹಾಕಿ, ಅದೂ ಬದಿಯೂ ಮುಚ್ಚುವಂಥದ್ದು. ಕಣ್ಣಿಗೆ ಬಿದ್ದ ಕಬ್ಬಿಣದ ಚೂರು ಒಂದೆರಡು ದಿನದಲ್ಲೇ ತುಕ್ಕು ಹಿಡಿದು ಉಂಗುರ ಬಿಡುತ್ತೆ. ಸೆರಗಿನ ತುದಿ ತಿರುಚಿ ತೆಗೆಯುವ ಮನೆವೈದ್ಯ ಬೇಡ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದೆ. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಆಯುಧ ಪೂಜೆಗೆ ಗ್ರೈಂಡರಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೀತೀವಿ. ಬಿಚ್ಚಿಟ್ಟ ಗಾರ್ಡನ್ನು ಹುಡುಕಿ ಮತ್ತೆ ಹಾಕುವುದೇ ನಿಜವಾದ ಪೂಜೆ ಅಂತ ನಾನಂತೂ ಅಂದುಕೊಂಡಿದ್ದೇನೆ. ಮುಂದಿನ ಸಲ ಅಂಗಡಿಗೆ ಹೋದಾಗ "ಅಣ್ಣಾ, 24 ಹಲ್ಲಿನ ಬೈಮೆಟಲ್ ಕೊಡಿ" ಅಂತ ಕೇಳಿ ನೋಡಿ. ಇಂಥ ಗಿರಾಕಿ ಹತ್ತು ಜನ ಬಂದರೆ ಅಂಗಡಿಯವರೂ "ಏನು ಕುಯ್ಯಕ್ಕೆ?" ಅಂತ ಕೇಳೋಕೆ ಶುರು ಮಾಡ್ತಾರೆ.

ಏನಂತೀರಿ? ನಿಮ್ಮ ಮನೆ ಡಬ್ಬಿಯಲ್ಲಿರೋ ಬ್ಲೇಡಿಗೆ ಎಷ್ಟು ಹಲ್ಲು? ಎಣಿಸಿ ಹೇಳಿ :)